ಒಂದೇ ಕೈಯ ಅಣಬೆ

‘ಮಧ್ಯಾಹ್ನ ಏನ್ ತಿಂದಿದ್ರಿ ಮೇಡಂ?’ ಎಂದು ಡಾಕ್ಟರು ಕೇಳಿದ್ದೇ ತಡ, ‘ಮಿರ್ಚಿ’ ಎಂಬ ಮಾತು ಸುಮಂಗಲಾಳ ಬಾಯಿಂದ ತಾನಾಗಿ ಬಿದ್ದುಬಿಟ್ಟಿತು. ಯೋಚಿಸಿ ಹೇಳಿದ್ದಲ್ಲ. ಯೋಚಿಸಿ ಸುಳ್ಳು ಹೇಳುವವರು ಹೊಸಬರು. ಮದುವೆಯಾಗಿ ಬಂದಾಗಿನಿಂದ ಒಂದೇ ಸುಳ್ಳನ್ನು ಸಾಕಿಕೊಂಡು ಬಂದವಳಿಗೆ ಅದರ ಮರಿಗಳು ಕರೆಯದೆಯೇ ಬಂದು ಕಾಲಡಿ ನಿಲ್ಲುತ್ತವೆ. ಕೈಗೆ ಸಲೈನು ಚುಚ್ಚಿದ್ದರು. ಮಂಚದ ಪಕ್ಕ ಪ್ಲಾಸ್ಟಿಕ್ ಬಕೆಟ್ಟು, ಅದರಲ್ಲಿ ಅವಳು ಕಾರಿಕೊಂಡದ್ದು, ಅದರ ಮೇಲೆ ನರ್ಸು ಮುಚ್ಚಿದ ಹಳೆಯ ಪೇಪರು. ಆ ಪೇಪರು ಸರಿದು ಒಳಗಿನ ಕರ್ರಗಿನ ಚೂರುಗಳು ಎಲ್ಲಿ ಅತ್ತೆಯ ಕಣ್ಣಿಗೆ ಬೀಳುತ್ತವೋ ಎಂಬುದೊಂದೇ ಆ ಹೊತ್ತಿಗೆ ಅವಳಿಗಿದ್ದ ಚಿಂತೆ. ಕರುಳು ಹಿಂಡಿ ಜೀವ ಹೋಗುವಂಥ ನೋವಿನಲ್ಲೂ ಮನುಷ್ಯರಿಗೆ ಎಂಥೆಂಥ ಚಿಂತೆ ಇರುತ್ತದೆ ನೋಡಿ.

‘ಯಾವ ಮಿರ್ಚಿ?’ ಎಂದ ಗಂಡ ಗುರುಬಸವರಾಜ. ಹಗರಿಬೊಮ್ಮನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಯಾವುದಕ್ಕಾದರೂ ಯಾವ ಕಂಪನಿಯದು ಎಂದು ಕೇಳುವುದು ಅವನ ರೂಢಿ.

‘ಬಸ್ ಸ್ಟ್ಯಾಂಡ್ ಕಡೇದು. ಹೊಲದಿಂದ ಬರಬೇಕಾದ್ರ...’

‘ಹೇಳಿದ್ನಿಲ್ಲ ನಾನು? ಆ ಗಾಡ್ಯಾಗಿನ ಎಣ್ಣಿ ನೋಡೀಯೇನ, ಡಾಂಬರ್ ಆಗೇತಿ. ಇವತ್ತ ಅವನ ಗಾಡೀನ ಎತ್ತಿಸ್ತೀನಿ ತಡಿ.’ ಹಾಗೆಂದವನು ನಿಜವಾಗಿಯೂ ಫೋನು ಕಿವಿಗಿಟ್ಟುಕೊಂಡು ವರಾಂಡಕ್ಕೆ ನಡೆದ. ಮಿರ್ಚಿ ಗಾಡಿಯವನ ಮುಖ ಸುಮಂಗಲಾಳ ಕಣ್ಣ ಮುಂದೆ ಬಂತು. ಪಾಪದ ಮನುಷ್ಯ. ಕಾಲೇಜಿನ ಮೇಡಂ ಎಂದು ಪೊಟ್ಟಣಕ್ಕೆ ಒಂದು ಮಿರ್ಚಿ ಹೆಚ್ಚಿಗೆಯೇ ಹಾಕುವವನು. ಇವತ್ತು ಅವಳು ಬಸ್ ಸ್ಟ್ಯಾಂಡಿನ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಆದರೂ ಗಂಡನನ್ನು ಕೂಗಿ ಕರೆಯಲಿಲ್ಲ. ಇನ್ನೊಂದು ಅಲೆ ಹೊಟ್ಟೆಯಿಂದ ಎದ್ದು ಬಂತು, ಬಕೆಟ್ಟಿಗೆ ಬಗ್ಗಿದಳು, ಅತ್ತೆ ಪಂಪಮ್ಮ ಒಂದು ಕೈಯಿಂದ ಅವಳ ಬೆನ್ನು ನೀವುತ್ತ ಇನ್ನೊಂದು ಕೈಯಿಂದ ಸೆರಗನ್ನು ತನ್ನ ಮೂಗಿಗೆ ಒತ್ತಿಕೊಂಡಳು.

‘ಶ್ರಾವಣ ಸೋಮವಾರ ನಾಳಿ. ಇವತ್ತ ಹಿಂಗಾಗಬೇಕಾ ನಿನಗ,’ ಎಂದಳು ಪಂಪಮ್ಮ. ಬೈಗುಳವಲ್ಲ, ಮರುಕವೇ. ಆ ಮರುಕವೇ ಸುಮಂಗಲಾಳಿಗೆ ಕುತ್ತಿಗೆಗೆ ಬಂದದ್ದು. ಅತ್ತೆ ಕೆಟ್ಟವಳಾಗಿದ್ದರೆ ಎಷ್ಟು ಸಲೀಸಿತ್ತು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ‘ಯವ್ವಾ’ ಎನ್ನುವ ಈ ಮುದುಕಿ ಸೊಸೆಯ ಕಾಲೇಜಿನ ಸೀರೆಗಳಿಗೆ ತಾನೇ ನೀಲಿ ಹಾಕಿ ಹಿಂಡುತ್ತಾಳೆ. ಆದರೆ ಅಣಬೆಯ ವಿಷಯಕ್ಕೆ ಬಂದರೆ ಅವಳದು ಒಂದೇ ಮಾತು: ಅದು ಅರ್ಧ ಮಾಂಸ. ಬೀಜವಿಲ್ಲದೆ ಹುಟ್ಟುವುದು, ಗುಡುಗಿಗೆ ಹುಟ್ಟುವುದು, ಹಾವಿನ ಹುತ್ತದ ಮೇಲೆ ಹುಟ್ಟುವುದು, ಲಿಂಗ ಕಟ್ಟಿದವರು ತಿನ್ನುವಂಥದ್ದೇ ಅದು? ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹೊಸದಾಗಿ ಈ ಮನೆಗೆ ಬಂದಿದ್ದ ಸುಮಂಗಲಾ ಆಗಿನ್ನೂ ಬಿಸಿರಕ್ತದವಳು, ‘ಅದು ಗಿಡಾನೂ ಅಲ್ಲ ಅತ್ತಿ, ಪ್ರಾಣೀನೂ ಅಲ್ಲ, ಅದರದ್ದ ಬ್ಯಾರೆ ಕುಲ ಐತಿ,’ ಎಂದು ವಿವರಿಸಲು ಹೋಗಿದ್ದಳು. ಪಂಪಮ್ಮ ಸಾವಕಾಶವಾಗಿ ಕೇಳಿಸಿಕೊಂಡು, ‘ಹಂಗಾರ ಇನ್ನೂ ಕೆಟ್ಟದ್ದಾತಲ್ಲವಾ. ಯಾವ ಕುಲಕ್ಕೂ ಸೇರಂಗಿಲ್ಲ ಅಂದಂಗಾತು,’ ಎಂದಿದ್ದಳು. ಆ ಮಾತಿಗೆ ಉತ್ತರ ಹುಡುಕುವ ಬದಲು ಸುಮಂಗಲಾ ಹೊಲದ ದಾರಿ ಹಿಡಿದಳು.

ಹೊಲ ಹಂಪಸಾಗರದ ಹತ್ತಿರ, ಹೊಳೆಯ ಹಿನ್ನೀರು ಕಾಣುವ ಎರೆಯ ಭೂಮಿ. ಅಲ್ಲಿ ಕಳೆ ತೆಗೆಸುವ, ಆಳು ಕೂಡಿಸುವ ಜವಾಬ್ದಾರಿಯೆಲ್ಲ ಹಂಪಕ್ಕನದು. ಹಂಪಕ್ಕ ಹಂಪಸಾಗರದ ಕೇರಿಯವಳು. ಮೊದಲ ವರ್ಷವೇ ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆಯ ಮೇಲೆ ಅವಳ ಬೋಗಾಣಿ ಕೊತಕೊತ ಅನ್ನುತ್ತಿತ್ತು. ಬೆಳ್ಳುಳ್ಳಿ, ಶೇಂಗಾಪುಡಿ, ಖಾರ, ಅದರೊಳಗಿಂದ ಎದ್ದುಬರುವ ಆ ಮಣ್ಣಿನ ವಾಸನೆ. ಸುಮಂಗಲಾ ಬದುವಿನ ಮೇಲೆ ನಿಂತವಳು ನಿಂತೇ ಇದ್ದಳು. ‘ಉಣ್ತೀರೇನ್ರಿ ಅಕ್ಕಾರ?’ ಎಂದು ಹಂಪಕ್ಕ ಬರೀ ಮರ್ಯಾದೆಗೆ ಕೇಳಿದ್ದು. ‘ಹ್ಞೂಂ’ ಎಂಬ ಉತ್ತರ ಬರುತ್ತದೆಂದು ಅವಳು ಎಣಿಸಿರಲಿಕ್ಕಿಲ್ಲ. ರೊಟ್ಟಿಯನ್ನು ಅಂಗೈ ಮೇಲಿಟ್ಟು, ರಸ್ತೆಯ ಕಡೆ ಕಣ್ಣಿಟ್ಟು, ನಿಂತೇ ತಿಂದಳು ಸುಮಂಗಲಾ. ಮರುವರ್ಷ ಕೂತು ತಿಂದಳು. ಆಮೇಲೆ ಅದೇ ಬೋಗಾಣಿಯಲ್ಲಿ ಕೈಹಾಕಿ ತಿಂದಳು. ಮಳೆಗಾಲ ಹಿಡಿಯಿತೆಂದರೆ ಭಾನುವಾರಗಳಲ್ಲಿ ‘ಹೊಲ ನೋಡ್ಕೊಂಡ್ ಬರ್ತೀನಿ’ ಎಂಬ ಮಾತು ಮನೆಯಲ್ಲಿ ರೂಢಿಯಾಯಿತು. ಒಕ್ಕಲುತನದಲ್ಲಿ ಇಷ್ಟು ಆಸ್ಥೆ ಇರುವ ಕಾಲೇಜಿನ ಸೊಸೆ ಎಲ್ಲಿ ಸಿಗುತ್ತಾಳೆಂದು ಪಂಪಮ್ಮ ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅದೇ ಹಂಪಕ್ಕ ಹಗರಿಬೊಮ್ಮನಹಳ್ಳಿಯ ಮನೆಗೆ ಬಂದರೆ ಹಿತ್ತಲ ಬಾಗಿಲಲ್ಲೇ ನಿಲ್ಲುವವಳು. ಅವಳ ಚಹಾದ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿ ಬೋರಲಾಗಿರುತ್ತಿತ್ತು. ಈಗ ಕಾಲ ಬದಲಾಗಿದೆ, ಪೇಪರ್ ಕಪ್ಪು ಬಂದಿದೆ; ಆ ಕಪ್ಪುಗಳನ್ನು ಅಂಗಡಿಯಿಂದ ತಂದಿಟ್ಟವಳು ಸುಮಂಗಲಾಳೇ. ಅದನ್ನವಳು ಸುಧಾರಣೆ ಎಂದೇ ಎಣಿಸಿಕೊಂಡಿದ್ದಳು.

ಹೊಟ್ಟೆ ಮತ್ತೆ ಹಿಂಡಿತು. ಹಿಂಡಿದ್ದರ ಜೊತೆಗೆ, ಇಷ್ಟು ಹೊತ್ತು ಬಕೆಟ್ಟಿನ ಪೇಪರಿನ ಚಿಂತೆಯಲ್ಲಿ ಹಿಂದೆ ಸರಿದು ನಿಂತಿದ್ದ ಇನ್ನೊಂದು ಮಾತು ಮುಂದೆ ಬಂದು ಎದೆಯ ಮೇಲೆ ಕೂತಿತು. ಹಂಪಕ್ಕನೂ ಉಂಡಿದ್ದಾಳೆ. ತನಗಿಂತ ಹೆಚ್ಚಿಗೇ ಉಂಡಿದ್ದಾಳೆ. ಅಷ್ಟೇ ಆಗಿದ್ದರೆ ಆಗಿತ್ತು. ಉಳಿದದ್ದನ್ನು ಸ್ಟೀಲಿನ ಡಬ್ಬಿಗೆ ಹಾಕಿ, ‘ಕ್ರಾಂತಿಗೆ ಒಯ್ತೀನ್ರಿ ಅಕ್ಕಾರ. ಬಾಳ ದಿನದಿಂದ ಅಣಬಿ ಅಣಬಿ ಅಂತ ಬೇಡ್ಯಾಳ, ಬಸುರಿ ಬಯಕಿ,’ ಎಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಳು. ಕ್ರಾಂತಿ ಹಂಪಕ್ಕನ ಮಗಳು, ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದವಳು. ಪಿಯುಸಿಯಲ್ಲಿ ಸುಮಂಗಲಾಳ ವಿದ್ಯಾರ್ಥಿನಿ. ಶಿಲೀಂಧ್ರಗಳ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ಕೈಯೆತ್ತಿ, ‘ಮೇಡಂ, ಹುತ್ತದ ಅಣಬಿ ಯಾಕ ಹುತ್ತ ಬಿಟ್ಟು ಬ್ಯಾರೆ ಕಡಿ ಬರಂಗಿಲ್ಲ?’ ಎಂದು ಕೇಳಿದವಳು. ಒಳಗೆ ಗೆದ್ದಲು ಅದನ್ನು ಸಾಕುತ್ತದೆ ಕಣೇ ಎಂದು ಹೇಳುವಾಗ ಸುಮಂಗಲಾಳಿಗೆ ತನ್ನ ಧಾರವಾಡದ ದಿನಗಳು ಮೈಮೇಲೆ ಬಂದಂತಾಗಿತ್ತು. ಅಲ್ಲೊಬ್ಬರು ಬಿಳಿಗೂದಲಿನ ಮೇಡಂ ಇದ್ದರು, ಮಳೆ ಬಂದರೆ ಸೀರೆ ಎತ್ತಿಕಟ್ಟಿ ಹುಡುಗಿಯರನ್ನು ಕಾಡಿಗೆ ಹೊರಡಿಸುವವರು. ‘ನೀನು ಪಿಎಚ್‌.ಡಿ. ಮಾಡು, ಅಣಬೆಗೆ ನಿನ್ನಂಥ ಕಣ್ಣು ಬೇಕು,’ ಎಂದಿದ್ದರು. ಲಗ್ನ ಬಂತು, ಕಣ್ಣು ಹಗರಿಬೊಮ್ಮನಹಳ್ಳಿಗೆ ಬಂತು. ತಾನು ಮಾಡಲಾಗದ್ದನ್ನು ಕ್ರಾಂತಿಯ ಕೈಯಲ್ಲಿ ಮಾಡಿಸಲು ಹಂಪಕ್ಕನ ಗಂಡನ ಹತ್ತಿರ ಎಷ್ಟು ವಾದ ಮಾಡಿದ್ದಳು, ಯಾರ್ಯಾರ ಕಾಲು ಹಿಡಿದಿದ್ದಳು! ಈಗ ಕ್ರಾಂತಿ ವಿಶ್ವವಿದ್ಯಾಲಯದಲ್ಲಿ ಹುತ್ತದ ಅಣಬೆಯ ಮೇಲೆಯೇ ಸಂಶೋಧನೆ ಮಾಡುತ್ತಾಳೆ. ಮಹಿಳಾ ದಿನಾಚರಣೆಯಲ್ಲಿ ಸುಮಂಗಲಾ ಪ್ರತಿ ವರ್ಷ ಒಂದು ಮಾತು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾಳೆ: ಎಲ್ಲ ದೇಶಗಳಲ್ಲೂ ಅಣಬೆ ಆರಿಸಿದವರು ಹೆಂಗಸರು, ಹೆಸರಿಟ್ಟು ಕೀರ್ತಿ ಹೊತ್ತವರು ಗಂಡಸರು, ಪ್ರಯೋಗಶಾಲೆಯ ಬಾಗಿಲು ಮುಚ್ಚಿದಾಗ ಹೆಂಗಸರು ಮನೆಯಲ್ಲಿ ಕೂತು ಅಣಬೆಯ ಚಿತ್ರ ಬರೆದರು. ಕ್ರಾಂತಿಯ ಹೆಸರು ಹೇಳಿ ಭಾಷಣ ಮುಗಿಸುತ್ತಾಳೆ. ಹಂಪಕ್ಕನ ಹೆಸರನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಅಣಬೆಯ ರುಚಿಯ ಮಾತು ಬಂದುಬಿಡಬಹುದೆಂಬ ಭಯ.

‘ಅತ್ತಿ, ನನ್ನ ಫೋನ್ ಕೊಡ್ರಿ.’

‘ಫೋನ್ ಏನ್ ಮಾಡ್ತಿ ಈಗ? ಮೊದಲ ಸುಮ್ನ ಮಲಕ್ಕೋ. ಕಾಲೇಜಿನವ್ರಿಗೆ ನಾಳಿ ಹೇಳಿದ್ರಾತು.’ ಫೋನಿದ್ದ ಚೀಲವನ್ನು ಪಂಪಮ್ಮ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಇನ್ನೊಮ್ಮೆ ಕೇಳಬಹುದಿತ್ತು, ಗದರಿಸಿ ಕೇಳಬಹುದಿತ್ತು. ಸುಮಂಗಲಾ ಕೇಳಲಿಲ್ಲ. ಕೇಳಿದೆನಲ್ಲ, ಕೊಡಲಿಲ್ಲವಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಯಿತು. ಆ ಸಮಾಧಾನದ ಮುಖ ನೋಡಿ ಅವಳಿಗೇ ಹೇಸಿಕೆಯಾಯಿತು. ಥೂ, ಏನು ಹೆಣ್ಣು ತಾನು. ಅಲ್ಲಿ ಬಸುರಿ ಹುಡುಗಿ ಡಬ್ಬಿಯ ಮುಚ್ಚಳ ತೆಗೆಯುತ್ತಿರಬಹುದು.

ತಪ್ಪು ಹಂಪಕ್ಕನದಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಹಂಪಕ್ಕನ ಕೈ ತಪ್ಪುವ ಕೈಯಲ್ಲ. ಹುತ್ತದ ಮೈಮೇಲೆ ಎದ್ದದ್ದನ್ನೇ ಕೀಳುವವಳು, ಅದೂ ಕುಡಗೋಲಿನ ತುದಿಯಿಂದ ಮಣ್ಣು ಬಿಡಿಸಿ, ನೆಲದೊಳಕ್ಕೆ ಇಳಿದ ಉದ್ದನೆಯ ಬೇರು ಸಮೇತ. ತಾನು ಕಿತ್ತದ್ದನ್ನು ಮೊದಲು ತಾನು ಉಣ್ಣಬೇಕು. ಹಸುಗೂಸು, ಬಸುರಿ, ಬಾಣಂತಿಗೆ ಕೊಡುವುದಾದರೆ ತಾನು ಉಂಡು ಒಂದು ಹೊತ್ತು ಕಳೆಯಬೇಕು. ಮತ್ತೆ ಎಲ್ಲಕ್ಕಿಂತ ಮೇಲೆ ಇನ್ನೊಂದು ಕಟ್ಟು. ಆ ಕೇರಿಯ ಹೆಂಗಸರೆಲ್ಲ ಪಾಲಿಸುವಂಥದ್ದು. ವರ್ಷಗಳ ಹಿಂದೆ ಸುಮಂಗಲಾ ‘ನಾನೂ ನಿನ್ನ ಕೂಡ ಕೀಳ್ತೀನಿ ಹಂಪಕ್ಕ, ಪುಟ್ಟಿ ಕೊಡು’ ಎಂದು ಹಟ ಹಿಡಿದಾಗ ಹಂಪಕ್ಕ ಪುಟ್ಟಿಯನ್ನು ಬೆನ್ನ ಹಿಂದೆ ಸರಿಸಿಕೊಂಡಿದ್ದಳು. ‘ಬ್ಯಾಡ್ರಿ ಅಕ್ಕಾರ. ಒಂದು ಬೋಗಾಣ್ಯಾಗ ಇಬ್ಬರ ಕೈ ಕಿತ್ತದ್ದು ಕೂಡಿಸಬಾರದು. ನಾಳಿ ಏನರ ಹೆಚ್ಚುಕಮ್ಮಿ ಆದ್ರ ಯಾರ್ನ ಕೇಳಾದು? ನಂದಾದ್ರ ನನ್ನ ಕೇಳ್ರಿ, ನಾ ಹೇಳ್ತೀನಿ.’ ಹಾಗೆಂದು ನಕ್ಕಿದ್ದಳು. ಸುಮಂಗಲಾಳೂ ನಕ್ಕಿದ್ದಳು. ನಗುವಿನ ಅಡಿಗೆ ಮಾತ್ರ ಸಣ್ಣದೊಂದು ಮುಳ್ಳು ಉಳಿಯಿತು. ತಾನು ಎಂ.ಎಸ್ಸಿ. ಓದಿದವಳು, ಈ ಹುತ್ತದ ಗೆದ್ದಲಿನ ಹೆಸರನ್ನೂ ಬಲ್ಲವಳು, ತನ್ನದೇ ಹೊಲದ ಅಣಬೆಯನ್ನು ತಾನು ಮುಟ್ಟುವಂತಿಲ್ಲವೆಂದರೇನು ಎಂಬ ಮುಳ್ಳು. ಮುಟ್ಟುವಂತಿಲ್ಲ ಎಂಬ ಮಾತು ತನ್ನ ಮನೆಯ ಹಿತ್ತಲಲ್ಲಿ ಹಂಪಕ್ಕನ ಪಾಲಿಗೆ ಎಷ್ಟು ಹಳೆಯದು ಎಂಬುದು ಆಗ ನೆನಪಿಗೆ ಬರಲಿಲ್ಲ. ಬಂದಿದ್ದರೂ ಮುಳ್ಳು ಹೋಗುತ್ತಿತ್ತೆಂದು ಹೇಳಲಾಗದು.

ಇವತ್ತು ಹಂಪಕ್ಕ ನೀರು ತರಲು ಹೋಗಿದ್ದಳು. ಪುಟ್ಟಿಯಲ್ಲಿ ಅಣಬೆ ಕಡಿಮೆಯಿತ್ತು. ಮೂವರಿಗೆ ಎಲ್ಲಿ ಸಾಲುತ್ತದೆ ಎಂದು ಸುಮಂಗಲಾ ಪಂಪ್‌ಸೆಟ್ಟಿನ ಮನೆಯ ಹಿಂದೆ ಸುಮ್ಮನೆ ಅಡ್ಡಾಡಲು ಹೋದಳು. ಅಲ್ಲಿ ಹುಲ್ಲಿನಲ್ಲಿ ದುಂಡಗೆ ಸುತ್ತುಗಟ್ಟಿ ಎದ್ದಿದ್ದವು, ಬೆಳ್ಳಗೆ, ಈಗಷ್ಟೇ ಬಿಚ್ಚಿದಂಥವು, ಒಂದೊಂದೂ ಅಂಗೈಯಗಲ. ಒಂದನ್ನು ಕಿತ್ತು ಹೊರಳಿಸಿ ನೋಡಿದಳು. ಅಡಿಯ ಎಳೆಗಳು ಬಿಳಿಯವೇ. ಬೇರು ಇರಲಿಲ್ಲ, ಹುತ್ತವೂ ಇರಲಿಲ್ಲ. ಇದೇ ರೂಪದ ಒಂದು ಜಾತಿಯನ್ನು ಧಾರವಾಡದ ಮೇಡಂ ತೋರಿಸಿದ್ದರು, ಎಳೆಯದಿದ್ದಾಗ ಬಿಳಿ, ಬಲಿತರೆ ಅಡಿಯಲ್ಲಿ ಹಸಿರು, ತಿಂದರೆ ಕರುಳು ಕೀಳುವಂಥದ್ದು. ಅನುಮಾನ ಬಂದರೆ ಒಂದು ರಾತ್ರಿ ಬಿಳಿ ಕಾಗದದ ಮೇಲೆ ಬೋರಲು ಹಾಕಿಡಿ, ಉದುರಿದ ಬೀಜಕದ ಪುಡಿಯ ಬಣ್ಣ ನೋಡಿ, ಎಂದಿದ್ದರು. ಅದೆಲ್ಲ ನೆನಪಿಗೆ ಬಂತು. ನೆನಪಿಗೆ ಬರಲಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳಲು ಈ ಮಂಚದ ಮೇಲೆ ಅವಳು ಎಷ್ಟೋ ಸಲ ಯತ್ನಿಸಿದಳು, ಆಗಲಿಲ್ಲ. ಒಂದು ರಾತ್ರಿ ಕಾಯುವ ತಾಳ್ಮೆ ಯಾರಿಗಿತ್ತು? ಒಲೆ ಹೊತ್ತಿತ್ತು. ಹೊಟ್ಟೆ ಹಸಿದಿತ್ತು. ಕೈ ತನ್ನದಾಗಬೇಕೆಂಬ ಆಸೆ ಹೊಟ್ಟೆಗಿಂತ ಹೆಚ್ಚು ಹಸಿದಿತ್ತು. ಸೆರಗಿನಲ್ಲಿ ತಂದವಳು ಹಂಪಕ್ಕ ಕೊಡ ಹೊತ್ತು ಬರುವಷ್ಟರಲ್ಲಿ ಪುಟ್ಟಿಯಲ್ಲಿದ್ದವುಗಳ ಜೊತೆ ಸೇರಿಸಿ ಸಣ್ಣಗೆ ಹೆಚ್ಚಿಬಿಟ್ಟಿದ್ದಳು. ‘ಅಯ್ಯ, ನೀವ್ಯಾಕ ಹೆಚ್ಚಿದ್ರಿ ಅಕ್ಕಾರ?’ ಎಂದಳು ಹಂಪಕ್ಕ. ಆಮೇಲೆ ಬೋಗಾಣಿ ನೋಡಿ, ‘ಇವತ್ತ ಬಾಳ ಆಗ್ಯಾವಲ್ರಿ,’ ಎಂದಳು. ‘ಹೆಚ್ಚಿದ್ರ ಹಂಗ ಕಾಣ್ತಾವ,’ ಎಂದಿದ್ದಳು ಸುಮಂಗಲಾ. ಉಣ್ಣುವಾಗ ಹಂಪಕ್ಕ ಎರಡು ಸಲ ‘ಛಲೋ ಆಗೇತಿ’ ಅಂದಾಗ, ಯಾರೂ ಕೊಡದ ಪದವಿಯನ್ನು ಕದ್ದು ಪಡೆದ ಹಾಗೆ ಒಳಗೊಳಗೇ ಉಬ್ಬಿದ್ದಳು.

ಡಾಕ್ಟರು ಮತ್ತೆ ಬಂದರು. ಮೌನೇಶ್ ಎಂದು ಹೆಸರು, ಚಿಕ್ಕ ವಯಸ್ಸಿನವರು, ಹೆಸರಿಗೆ ತಕ್ಕಂತೆ ಮಾತು ಕಡಿಮೆ. ನಾಡಿ ನೋಡಿದರು, ಬಿ.ಪಿ. ನೋಡಿದರು, ಹುಬ್ಬು ಗಂಟಿಕ್ಕಿದರು. ಗುರುಬಸವರಾಜ ಫೋನು ಮುಗಿಸಿ ಬಂದು ನಿಂತಿದ್ದ.

‘ಮಿರ್ಚಿಗೆ ಇಷ್ಟ ಜೋರ್ ಆಗಂಗಿಲ್ರಿ. ಈ ಮಳಿಗಾಲದಾಗ ಅಣಬಿ ತಿಂದ ಕೇಸ್ ಬರ್ತಾವ, ಹಂಗೇನರ...’

‘ಛೇ ಛೇ, ನಮ್ಮ ಮನ್ಯಾಗ ಅದನ್ನ ಮುಟ್ಟಾಕಿಲ್ರಿ ಡಾಕ್ಟ್ರೇ,’ ಎಂದ ಗುರುಬಸವರಾಜ. ಪಂಪಮ್ಮ ಡಾಕ್ಟರ ಕಡೆ ನೋಡಿದ ನೋಟದಲ್ಲಿ, ಯಾವ ಮನೆಯವರ ಮುಂದೆ ಯಾವ ಮಾತು ಎಂಬ ಅಸಮಾಧಾನವಿತ್ತು.

‘ಹಂಗಲ್ರಿ. ತಿಂದಿದ್ರ ಅವರ ಕೂಡ ಯಾರ್ಯಾರು ತಿಂದಾರ ನೋಡಬೇಕಾಗ್ತೈತಿ. ಸಣ್ಣ ಮಕ್ಕಳು, ಬಸುರಿ ಹೆಂಗಸರು ಇದ್ರ ಕೇಡು. ಅದಕ್ಕ ಕೇಳಿದೆ.’

ಬಸುರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸುಮಂಗಲಾ ಸಲೈನಿನ ಕೈಯನ್ನೂ ಮರೆತು ಎದ್ದು ಕೂತಳು. ಕೂತಲ್ಲೇ ಕಣ್ಣು ಕತ್ತಲೆ ಬಂತು. ಹೇಳು, ಹೇಳೇ ಪಾಪಿ, ಎಂದು ಯಾರೋ ಒಳಗಿಂದ ಕುತ್ತಿಗೆ ಹಿಡಿದು ಅಲುಗಿಸಿದಂತಾಯಿತು.

‘ತಿಂದೀನಿ,’ ಎಂದಳು. ‘ಅಣಬಿ ತಿಂದೀನಿ. ಹಂಪಕ್ಕ ಮಾಡಿದ್ಲು, ಹೊಲದಾಗ. ಇವತ್ತ ಒಂದಿನ ಅಲ್ಲ, ಲಗ್ನ ಆದಾಗಿಂದ ತಿಂತೀನಿ. ಆಕಿ ಕ್ರಾಂತಿಗೆ ಒಯ್ದಾಳ. ರೀ, ಮೊದಲ ಫೋನ್ ಹಚ್ರಿ, ಕ್ರಾಂತಿಗೆ ಫೋನ್ ಹಚ್ರಿ, ತಿನ್ನಬ್ಯಾಡ ಅನ್ರಿ!’

ಆಕಾಶ ಕಳಚಿ ಬೀಳಬೇಕಿತ್ತು. ಅದು ಬೀಳುವುದೆಂದು ನಂಬಿಯೇ ಅಲ್ಲವೇ ಅವಳು ಇಷ್ಟು ವರ್ಷ ಬದುಕಿದ್ದು, ಹೊಲದಿಂದ ಬರುವಾಗ ಏಲಕ್ಕಿ ಅಗಿದದ್ದು, ಪೂಜೆಗೆ ಕೂರುವ ಮುಂಚೆ ಎರಡೆರಡು ಸಲ ಬಾಯಿ ಮುಕ್ಕಳಿಸಿದ್ದು. ಗುರುಬಸವರಾಜ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ತಾಯಿಗೆ ಕೇಳದಂತೆ ಬಗ್ಗಿ, ‘ಇಷ್ಟ ಹೌದಿಲ್ಲೋ? ಹೊಸಪೇಟಿಗೆ ಹೋದಾಗೆಲ್ಲ ನಾವು ಅಂಗಡ್ಯಾರು ಮಶ್ರೂಮ್ ಮಂಚೂರಿನ ತಿನ್ನಾದು. ಅದನ್ನ ಮುಚ್ಚಿಟ್ಟ ಜೀವಾ ಕಳಕೊಂತಿದ್ದೆಲ್ಲ ಹುಚ್ಚಿ,’ ಎಂದು ಫೋನಿನಲ್ಲಿ ಹೆಸರು ಹುಡುಕತೊಡಗಿದ. ಅವಳ ಜೀವಮಾನದ ಪಾಪಕ್ಕೆ ಹೊಸಪೇಟೆಯ ಹೋಟೆಲಿನಲ್ಲಿ ಸಾಸು ಸುರಿದು ಬಡಿಸುತ್ತಿದ್ದರು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಂಪಮ್ಮ ಮಾತ್ರ ನೀವುತ್ತಿದ್ದ ಕೈಯನ್ನು ಸೊಸೆಯ ಬೆನ್ನಿನಿಂದ ತೆಗೆದಿದ್ದಳು.

‘ಹಂಪಿ ಕೈ ಅಡಿಗಿ,’ ಎಂದಳು ಮೆಲ್ಲಗೆ. ಅಣಬೆಯ ಹೆಸರನ್ನೇ ಎತ್ತಲಿಲ್ಲ. ‘ಆಕಿ ಬೋಗಾಣ್ಯಾಗ.’

‘ಹೌದು ಅತ್ತಿ.’

ಪಂಪಮ್ಮ ಚೀಲವನ್ನು ಮಂಚದ ತುದಿಗಿಟ್ಟು ಬಾಗಿಲ ಹತ್ತಿರದ ಕುರ್ಚಿಗೆ ಹೋಗಿ ಕೂತಳು. ಅಷ್ಟರಲ್ಲಿ ಗುರುಬಸವರಾಜ ಫೋನಿನಲ್ಲಿ ಕೂಗಿ ಮಾತಾಡುತ್ತಿದ್ದ, ‘ನೀ ತಿಂದಿಲ್ಲ ಹೌದಿಲ್ಲೋ? ತಿಂದಿಲ್ಲ? ಛಲೋ ಆತು ಬಿಡವಾ.’ ಅವ್ವನಿಗೆ ವಾಂತಿ ಹಿಡಿದಿದೆ, ಆಟೋದಲ್ಲಿ ಇಲ್ಲಿಗೇ ಬರುತ್ತಿದ್ದೇವೆ ಎಂದಳಂತೆ ಕ್ರಾಂತಿ. ಸಂಜೆಯತನಕ ತಡಿ, ನಂಗೇನಾಗಂಗಿಲ್ಲ ಅಂತ ಖಾತ್ರಿ ಆದಮೇಲೆ ಉಣ್ಣು ಎಂದು ಹಂಪಕ್ಕ ಡಬ್ಬಿಯನ್ನು ನೆಲುವಿನ ಮೇಲೆ ಇಟ್ಟಿದ್ದಳಂತೆ. ಸುಮಂಗಲಾ ದಿಂಬಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಹಡೆದಷ್ಟು ಹಗುರಾಯಿತು. ‘ನೀವು ಹೇಳಿದ್ದು ಬಾಳ ಛಲೋ ಆತ್ರಿ ಮೇಡಂ. ಎಷ್ಟೋ ಮಂದಿ ನಾಚ್ಕೊಂಡು ಹೇಳಂಗಿಲ್ಲ. ಎರಡು ದಿನದಾಗ ಮನಿಗೆ ಹೋಗ್ತೀರಿ,’ ಎಂದರು ಡಾಕ್ಟರು. ಅವರ ಕಣ್ಣಿನಲ್ಲಿ ತನ್ನ ಬಗ್ಗೆ ಗೌರವ ಕಂಡು ಅವಳಿಗೆ ಇನ್ನಷ್ಟು ಅಳು ಬಂತು. ಎಂಥ ದೊಡ್ಡ ಮಾತನ್ನು ಹೇಳಿಬಿಟ್ಟೆ ಎಂಬ ಹೆಮ್ಮೆಯ ಅಳು ಅದು. ಇನ್ನೊಂದು ಮಾತು ಬಾಕಿಯಿದೆ ಎಂಬುದು ಆ ಅಳುವಿನ ನಡುವೆ ನೆನಪಾಯಿತು. ಹಂಪಕ್ಕ ಬರಲಿ, ಅವಳ ಮುಂದೆಯೇ ಹೇಳುತ್ತೇನೆ ಎಂದುಕೊಂಡಳು.

ಹಂಪಕ್ಕನನ್ನು ಪಕ್ಕದ ಮಂಚಕ್ಕೆ ತಂದು ಮಲಗಿಸಿದರು. ಎರಡೇ ಮಂಚದ ಕೋಣೆ. ಅದನ್ನು ನೋಡಿ ಪಂಪಮ್ಮ ಕುರ್ಚಿಯನ್ನು ವರಾಂಡಕ್ಕೆ ಎಳೆದುಕೊಂಡಳು. ಹಂಪಕ್ಕನ ಮುಖ ಬೂದಿಯ ಬಣ್ಣಕ್ಕಿತ್ತು, ತುಟಿ ಒಡೆದಿದ್ದವು. ವಯಸ್ಸಿನ ದೇಹ, ಸುಮಂಗಲಾಳಿಗಿಂತ ಹೆಚ್ಚು ಸೋತಿತ್ತು. ನರ್ಸು ಸೂಜಿ ಚುಚ್ಚಲು ನರ ಸಿಗದೆ ಅವಳ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಹೊಟ್ಟೆ ಹೊತ್ತ ಕ್ರಾಂತಿ ಗೋಡೆ ಹಿಡಿದು ನಿಂತು, ‘ಮೇಡಂ, ನಿಮಗ ಹೆಂಗೈತಿ?’ ಎಂದು ಮೊದಲು ಸುಮಂಗಲಾಳನ್ನೇ ವಿಚಾರಿಸಿದಳು. ಸುಮಂಗಲಾ ಅವಳ ಹೊಟ್ಟೆ ನೋಡಿದಳೇ ಹೊರತು ಮುಖ ನೋಡಲಿಲ್ಲ.

‘ಡಬ್ಬಿ ಹಂಗ ಇಟ್ಟೀನಿ ಮೇಡಂ. ಪಲ್ಯದಾಗ ಬೀಜಕ ಉಳಿದಿರ್ತಾವ, ಸೂಕ್ಷ್ಮದರ್ಶಕದಾಗ ನೋಡಿದ್ರ ಯಾವ ಜಾತಿ ಅಂತ ತಿಳೀತೈತಿ. ಎರಡು ನಮೂನಿ ಕಲತಾವ ಅನಸ್ತೈತಿ ನಂಗ. ಆದ್ರ ಅವ್ವ ಹೆಂಗ ಮೋಸ ಹೋದ್ಲು ಅನ್ನಾದ ತಿಳೀವಲ್ದು.’

ಇದೇ ಗಳಿಗೆ. ಇದಕ್ಕಿಂತ ಒಳ್ಳೆಯ ಗಳಿಗೆ ದೇವರೂ ಮಾಡಿ ಕೊಡಲಾರ. ಸುಮಂಗಲಾ ಬಾಯಿ ತೆರೆದಳು. ಅಷ್ಟರಲ್ಲಿ ಗುರುಬಸವರಾಜ ಒಳಗೆ ಬಂದ. ‘ಏನ್ ಹಂಪಕ್ಕ, ನಿನ್ನ ನಂಬಿ ಇಷ್ಟು ವರ್ಷ ಉಂಡಾಳಂತ ನಮ್ಮಾಕಿ. ನೋಡಿ ಕೀಳಬಾರದೇನ? ಜೀವಕ್ಕ ಬಂದಿತ್ತಲ್ಲ!’ ಎಂದ. ಬಾಗಿಲಾಚೆಯಿಂದ ಪಂಪಮ್ಮ, ‘ಆಕಿನ್ನ ಏನ್ ಕೇಳ್ತೀಯೋ, ಕೇಳಬೇಕಾದಾಕಿ ನಮ್ಮಾಕಿ ಅದಾಳ,’ ಎಂದಳು. ಡಾಕ್ಟರು ಬಾಗಿಲಲ್ಲಿ ಕೇಸಿನ ಹಾಳೆ ಹಿಡಿದು ನಿಂತಿದ್ದರು. ಎಲ್ಲರೂ ಅಲ್ಲೇ ಇದ್ದರು. ತೆರೆದ ಬಾಯನ್ನು ಸುಮಂಗಲಾ ಸೆರಗಿನಿಂದ ಒರೆಸಿಕೊಂಡಳು. ಅಣಬೆ ತಿಂದೆ ಎಂದದ್ದು ಆಸೆಯ ಮಾತು, ಆಸೆಗೆ ಜನ ನಗುತ್ತಾರೆ, ಬಿಡುತ್ತಾರೆ. ಇದನ್ನು ಏನೆಂದು ಹೇಳುವುದು? ಗೊತ್ತಿದ್ದೂ ಕಿತ್ತೆ, ಗೊತ್ತಿದ್ದೂ ಕೂಡಿಸಿದೆ, ಗೊತ್ತಿದ್ದೂ ಬಸುರಿಗೆ ಒಯ್ಯಲು ಬಿಟ್ಟೆ. ಕಾಲೇಜು, ಭಾಷಣ, ಕ್ರಾಂತಿಯ ‘ಮೇಡಂ’, ಈಗಷ್ಟೇ ಡಾಕ್ಟರ ಕಣ್ಣಿನಲ್ಲಿ ಕಂಡ ಆ ಗೌರವ. ಮತ್ತೆ ಒಂದು ಯೋಚನೆ ಎಲ್ಲಿಂದಲೋ ತಣ್ಣಗೆ ಬಂದು ಕೂತಿತು. ಸೂಕ್ಷ್ಮದರ್ಶಕಕ್ಕೆ ಬೀಜಕ ಕಾಣುತ್ತದೆ, ಕೈ ಕಾಣುವುದಿಲ್ಲ.

‘ತಪ್ಪು ನಂದ ಐತ್ರಿ ಅಣ್ಣಾರ,’ ಎಂದಳು ಹಂಪಕ್ಕ ಗುರುಬಸವರಾಜನಿಗೆ. ದನಿ ಬಾವಿಯೊಳಗಿಂದ ಬಂದಂತಿತ್ತು. ಗಂಡಸರು ಹೊರಗೆ ಹೋದರು, ಕ್ರಾಂತಿ ಔಷಧದ ಚೀಟಿ ಹಿಡಿದು ಕೆಳಗೆ ಇಳಿದಳು. ಕೋಣೆಯಲ್ಲಿ ಇಬ್ಬರೇ ಉಳಿದರು, ಬೇವಿನ ಮರದ ಕೆಳಗೆ ಉಳಿಯುತ್ತಿದ್ದಂತೆ. ಈಗಲಾದರೂ ಹೇಳಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ, ಹಂಪಕ್ಕ ಯಾರಿಗೂ ಹೇಳುವವಳೂ ಅಲ್ಲ. ಅಷ್ಟು ವರ್ಷದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವಳು ಇದೊಂದನ್ನು ಇಟ್ಟುಕೊಳ್ಳಲಾರಳೇ.

ಹಂಪಕ್ಕ ತಲೆ ಹೊರಳಿಸಿ ಅವಳ ಕಡೆ ನೋಡಿದಳು. ದೂರುವ ನೋಟವಲ್ಲ, ಅನುಮಾನದ ನೋಟವೂ ಅಲ್ಲ. ಓದಿದವರನ್ನು ಕೇಳಿ ತಿಳಿದುಕೊಳ್ಳುವ ನೋಟ.

‘ಅಕ್ಕಾರ, ನೋಡ್ಕೊಂಡ ಕಿತ್ತಿದ್ದೆನಲ್ರಿ. ಒಂದೊಂದನ್ನೂ ನೋಡ್ಕೊಂಡ ಕಿತ್ತೀನಿ. ಆಗಿಂದ ಮನಸಿನಾಗ ಎಣಿಸ್ತೀನಿ, ಎಲ್ಲಿ ತಪ್ಪಿದೆ ಅಂತ ತಿಳೀವಲ್ದು. ನನ್ನ ಕಣ್ಣು ಹೋಗ್ಯಾವೇನ್ರಿ?’

ಸುಮಂಗಲಾ ಕಣ್ಣು ಮುಚ್ಚಿದಳು. ತೆರೆದಳು. ತನ್ನ ದನಿ ಎಷ್ಟು ಮೃದುವಾಗಿ, ಎಷ್ಟು ಅಂತಃಕರಣದಿಂದ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

‘ವಯಸ್ಸಾತಲ್ಲ, ಹಂಪಕ್ಕ.’

ಹಂಪಕ್ಕ ಆ ಮಾತನ್ನು ಒಳಗೆ ಇಳಿಸಿಕೊಂಡಳು.

‘ಹೌದ್ರಿ, ಆತು. ನಂಗ ತಿಳೀಲಿಲ್ಲ. ಇನ್ನ ಮ್ಯಾಲೆ ಕೀಳಂಗಿಲ್ಲ ಬಿಡ್ರಿ. ಕ್ರಾಂತಿಗೂ ಹೇಳ್ತೀನಿ, ನಾ ತಂದದ್ದು ಉಣಬ್ಯಾಡ ಅಂತ.’ ಸೂಜಿ ಚುಚ್ಚಿದ ಕೈಯನ್ನು ಇನ್ನೊಂದಕ್ಕೆ ಕೂಡಿಸಲು ಆಗದೆ ಒಂದೇ ಕೈಯನ್ನು ಎದೆಯ ಮೇಲೆ ಎತ್ತಿ ಮುಗಿದಳು. ‘ನಿಮ್ಮ ಜೀವಕ್ಕ ಕುತ್ತು ತಂದೆ. ತಪ್ಪಾತ್ರಿ ಅಕ್ಕಾರ. ಹೊಟ್ಟಿಗೆ ಹಾಕ್ಕೊಳ್ರಿ.’

‘ಇರ್ಲಿ ಬಿಡು,’ ಎಂದಳು ಸುಮಂಗಲಾ.